ಬಾಡಿಗೆಗೆಂದು ಮನೆ ಕೊಳ್ಳುವವರಿಗೆ: ಘಟ್ಟದ ಮೇಲಿನ, ಕೆಳಗಿನ ಲೆಕ್ಕ

ಉತ್ತರ ಕನ್ನಡದಲ್ಲಿ, ಘಟ್ಟದ ಮೇಲಿನ ಶಿರಸಿಯಲ್ಲೋ ಕೆಳಗಿನ ಕಾರವಾರದಲ್ಲೋ ಬಾಡಿಗೆಗೆ ಕೊಡಲೆಂದೇ ಒಂದು ಮನೆ ಕೊಳ್ಳಹೊರಟವರು ಮೊದಲು ಹೋಗುವುದು ಬ್ಯಾಂಕಿಗೆ. ಕೇಳುವುದು "ನನಗೆ ಎಷ್ಟು ಲೋನ್ ಸಿಗ್ತದೆ?" ಎಂದು. ಬ್ಯಾಂಕು ಸಂಬಳದ ಚೀಟಿ ನೋಡಿ ಒಂದು ಅಂಕಿ ಹೇಳುತ್ತದೆ. ಆ ಅಂಕಿಗೂ ಕೊಳ್ಳಲಿರುವ ಮನೆಗೂ ಏನೂ ಸಂಬಂಧವಿಲ್ಲ. ಕೇಳಬೇಕಾದ್ದು ಮನೆಯನ್ನು: ನಿನ್ನ ಬಾಡಿಗೆ ಎಷ್ಟು ಸಾಲ ಹೊತ್ತೀತು? ಅದಕ್ಕೆ ಉತ್ತರ ಸಿಕ್ಕ ಮೇಲೆ ಬೆಲೆಯ ಮಾತು, ಆಮೇಲೆ ಬ್ಯಾಂಕು.

ಬಾಡಿಗೆಯಿಂದ ಬೆಲೆಗೆ

ಒಂದು ಉದಾಹರಣೆ ಹಿಡಿಯೋಣ. ಅಂಕಿಗಳು ದಾರಿ ತೋರಿಸಲಿಕ್ಕೆ ಮಾತ್ರ, ನಿಮ್ಮ ಕೇರಿಯ ಅಂಕಿಗಳನ್ನು ನೀವೇ ತುಂಬಿಕೊಳ್ಳಿ. ಶಿರಸಿಯಲ್ಲಿ ಕೆಳಗೊಂದು ಮೇಲೊಂದು ಮನೆಯಿರುವ ಕಟ್ಟಡ, ಮಾಲಕರು ಹೇಳುವ ಬೆಲೆ 45 ಲಕ್ಷ ರೂ. ಒಂದೊಂದು ಮನೆಗೆ ತಿಂಗಳಿಗೆ 9,000 ರೂ. ಬಾಡಿಗೆ. ವರ್ಷಕ್ಕೆ 2,16,000. ದಲ್ಲಾಳಿ ಇದನ್ನು 45 ಲಕ್ಷಕ್ಕೆ ಭಾಗಿಸಿ "ಶೇ. 4.8 ಬರ್ತದೆ" ಎನ್ನುತ್ತಾನೆ. ಭಾಗಾಕಾರ ಸರಿ, ಮೇಲಿನ ಅಂಕಿಯೂ ಕೆಳಗಿನ ಅಂಕಿಯೂ ತಪ್ಪು.

ಮೇಲಿನ ಅಂಕಿಯಿಂದ ಶುರು ಮಾಡಿ. ವರ್ಷಕ್ಕೆ ಒಂದು ತಿಂಗಳು ಮನೆ ಖಾಲಿ ಎಂದೇ ಹಿಡಿಯಬೇಕು. ಬಾಡಿಗೆದಾರ ಬಿಟ್ಟ ಮೇಲೆ ಸುಣ್ಣಬಣ್ಣ, ನಲ್ಲಿ ರಿಪೇರಿ, ಹೊಸಬರು ಬಂದು ನೋಡುವುದು, ಇಷ್ಟಕ್ಕೇ ಒಂದು ತಿಂಗಳು ಹೋಗುತ್ತದೆ. ಉಳಿದದ್ದು 1,98,000. ಇದರಲ್ಲಿ ಮನೆ ತೆರಿಗೆ 6,000, ವಿಮೆ 3,000, ರಿಪೇರಿಗೆ 27,000 ತೆಗೆದಿಡಿ. ಕೈಗೆ ನಿಲ್ಲುವುದು 1,62,000, ಅಂದರೆ ತಿಂಗಳಿಗೆ 13,500. ರಿಪೇರಿಯ ಮೊತ್ತ ಹೆಚ್ಚಾಯಿತು ಅನ್ನಿಸಿದರೆ ನಮ್ಮ ಮಳೆಗಾಲವನ್ನು ನೆನೆಸಿಕೊಳ್ಳಿ. ಮಾಡಿನ ಶೀಟಿನ ಸ್ಕ್ರೂ, ನೀರು ಹೋಗುವ ದೋಣಿ, ಪಂಪು, ಐದು ವರ್ಷಕ್ಕೊಮ್ಮೆ ಹೊರಗಿನ ಬಣ್ಣ ಎಲ್ಲ ಇದರಲ್ಲೇ ಬರಬೇಕು.

ಇನ್ನು ಕೆಳಗಿನ ಅಂಕಿ. 45 ಲಕ್ಷದ ಮನೆ 45 ಲಕ್ಷಕ್ಕೆ ಸಿಗುವುದಿಲ್ಲ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು ಮತ್ತು ಸರ್‌ಚಾರ್ಜು ಸೇರಿ ನಗರದಲ್ಲಿ ಶೇ. 5.6, ಹಳ್ಳಿಯಲ್ಲಿ ಶೇ. 5.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಒಟ್ಟು ಶೇ. 7.6, ಅಂದರೆ 3.42 ಲಕ್ಷ. ವಕೀಲರು, ಬ್ಯಾಂಕಿನ ಶುಲ್ಕ ಎಂದು 38,000, ಬಾಡಿಗೆಗೆ ಬಿಡುವ ಮೊದಲಿನ ರಿಪೇರಿಗೆ 1.20 ಲಕ್ಷ ಹಿಡಿದರೆ ನಿಮ್ಮ ಜೇಬಿನಿಂದ ಹೋಗುವುದು ಸರಿಯಾಗಿ 50 ಲಕ್ಷ. 1.62 ಲಕ್ಷವನ್ನು 50 ಲಕ್ಷಕ್ಕೆ ಭಾಗಿಸಿ: ಶೇ. 3.24.

ಈಗ ಸಾಲ. ಶೇ. 8.5 ಬಡ್ಡಿಗೆ 20 ವರ್ಷದ ಕಂತು ಒಂದು ಲಕ್ಷಕ್ಕೆ ತಿಂಗಳಿಗೆ 868 ರೂ. (15 ವರ್ಷಕ್ಕೆ 985, 10 ವರ್ಷಕ್ಕೆ 1,240). ಬ್ಯಾಂಕು ಬೆಲೆಯ ಶೇ. 80, ಅಂದರೆ 36 ಲಕ್ಷ ಕೊಟ್ಟರೆ ಕಂತು 31,248 ರೂ. ಬಾಡಿಗೆಯಿಂದ ನಿಲ್ಲುವುದು 13,500. ಉಳಿದ 17,748 ಪ್ರತಿ ತಿಂಗಳೂ ನಿಮ್ಮ ಸಂಬಳದಿಂದಲೋ ಅಡಿಕೆಯಿಂದಲೋ ಹೋಗಬೇಕು, ಮನೆ ತುಂಬಿದ್ದರೂ. ಬಡ್ಡಿ ಶೇ. 9.5 ಆದರೆ ಕಂತು 33,500 ದಾಟುತ್ತದೆ. ಬ್ಯಾಂಕಿನವರು ಸಾಮಾನ್ಯವಾಗಿ ಕಂತು ಏರಿಸದೆ ಅವಧಿ ಎಳೆಯುತ್ತಾರೆ, ಹಾಗಾಗಿ ಈ ಪೆಟ್ಟು ಬಿದ್ದದ್ದು ಬಹಳ ದಿನ ಗೊತ್ತಾಗುವುದೂ ಇಲ್ಲ.

ಅದೇ ಲೆಕ್ಕವನ್ನು ತಿರುಗಿಸಿ. ನಿಲ್ಲುವ 13,500ನ್ನು 1.25ರಿಂದ ಭಾಗಿಸಿ. ಈ ಕಾಲು ಪಾಲು ಖಾಲಿ ತಿಂಗಳಿಗೆ, ಒಡೆದ ಪಂಪಿಗೆ ಇಟ್ಟ ಕಾಪು. ಬರುವುದು 10,800. ಅದನ್ನು 868ರಿಂದ ಭಾಗಿಸಿದರೆ 12.4. ಈ ಮನೆ ಹೊರುವ ಸಾಲ 12.4 ಲಕ್ಷ, 36 ಅಲ್ಲ. ಉಳಿದ 37.6 ಲಕ್ಷ ಸ್ವಂತ ದುಡ್ಡು ಬೇಕು. ಅಷ್ಟಿಲ್ಲದೆ 36 ಲಕ್ಷ ಸಾಲ ಮಾಡಿ ಕೊಂಡರೆ ಅದು ಬಾಡಿಗೆಯ ವ್ಯವಹಾರವಲ್ಲ, ಜಾಗದ ಬೆಲೆ ಏರುತ್ತದೆಂಬ ನಂಬಿಕೆಯ ಮೇಲೆ ಕಟ್ಟಿದ ಪಣ. ಕಟ್ಟಬಾರದೆಂದಿಲ್ಲ, ಪಣ ಎಂದು ತಿಳಿದು ಕಟ್ಟಬೇಕು.

ಚೌಕಾಸಿಗೂ ಇದೇ ಲೆಕ್ಕ ಬೇಕು. ಖರ್ಚು ಕಳೆದು ಶೇ. 5 ಬೇಕೆಂದರೆ 1.62 ಲಕ್ಷವನ್ನು 0.05ರಿಂದ ಭಾಗಿಸಿ: ಒಟ್ಟು 32.4 ಲಕ್ಷ. ನೋಂದಣಿ, ರಿಪೇರಿ ಕಳೆದರೆ ಮನೆಗೆ ಕೊಡಬಹುದಾದ್ದು ಸುಮಾರು 28.6 ಲಕ್ಷ. ಮಾಲಕರು ಅಷ್ಟಕ್ಕೆ ಒಪ್ಪುವುದಿಲ್ಲ ಎನ್ನುವುದು ಬೇರೆ ಮಾತು. ಆದರೆ 45ಕ್ಕೂ 28.6ಕ್ಕೂ ನಡುವಿನ ದುಡ್ಡು ಬಾಡಿಗೆಗೆ ಅಲ್ಲ, ಜಾಗಕ್ಕೆ ಹೋಗುತ್ತಿದೆ ಎಂದು ನಿಮಗಾದರೂ ತಿಳಿದಿರುತ್ತದೆ.

ಇದಕ್ಕಿಂತ ಹಗುರದ ದಾರಿಯೊಂದನ್ನು ನಮ್ಮ ಕಡೆ ಬಹಳ ಜನ ಮರೆಯುತ್ತಾರೆ. ಪೇಟೆಯಲ್ಲಿ ಸ್ವಂತ ತಾರಸಿ ಮನೆ ಇದ್ದವರು ಮೇಲಂತಸ್ತು ಕಟ್ಟಬಹುದು. ಜಾಗಕ್ಕೆ ದುಡ್ಡಿಲ್ಲ, ಮುದ್ರಾಂಕವಿಲ್ಲ. 850 ಚದರಡಿಗೆ ಚದರಡಿ 2,000ದಂತೆ 17 ಲಕ್ಷ, ಹೊರಮೆಟ್ಟಿಲು, ಪರವಾನಗಿ, ಮೀಟರು ಎಂದು 2 ಲಕ್ಷ ಹಿಡಿಯಿರಿ. ಒಂದೇ ದೊಡ್ಡ ಮನೆಯ ಬದಲು ಎರಡು ಸಣ್ಣ ಮನೆ ಮಾಡಿ 6,000ದಂತೆ ಕೊಟ್ಟರೆ ಹನ್ನೊಂದು ತಿಂಗಳಿಗೆ 1,32,000. ಖರ್ಚು 20,000 ಕಳೆದರೆ 1,12,000. 19 ಲಕ್ಷಕ್ಕೆ ಅದು ಶೇ. 5.9. ಬಡ್ಡಿಯನ್ನು ಇದೂ ಮುಟ್ಟುವುದಿಲ್ಲ, ಆದರೆ ಕೊಂಡ ಮನೆಗಿಂತ ಎಷ್ಟೋ ವಾಸಿ. ಬ್ಯಾಂಕುಗಳು ಮನೆ ವಿಸ್ತರಣೆಗೂ ಗೃಹಸಾಲ ಕೊಡುತ್ತವೆ. ಕೆಳಗಿನದು ಕಂಬವಿಲ್ಲದೆ ಬರೀ ಚಿರೆಕಲ್ಲಿನ ಗೋಡೆಯ ಮೇಲೆ ನಿಂತ ಮನೆಯಾದರೆ ಮಾತ್ರ ಎಂಜಿನಿಯರ್ ಬುನಾದಿ ತೆಗೆಸಿ ನೋಡುವ ತನಕ ಒಂದು ಇಟ್ಟಿಗೆಯನ್ನೂ ಇಡಬೇಡಿ.

ಯಾರು ಬಂದು ಇರುತ್ತಾರೆ

ಕಾರವಾರದಲ್ಲಿ "ಸೀಬರ್ಡ್ ಇದೆ, ಕೈಗಾ ಇದೆ, ಬಾಡಿಗೆಗೆ ತೊಂದರೆಯಿಲ್ಲ" ಎಂಬ ಮಾತನ್ನು ಅರ್ಧ ಮಾತ್ರ ನಂಬಿ. ಸೀಬರ್ಡ್ ನೌಕಾನೆಲೆಯ ಸಿಬ್ಬಂದಿಗೂ ಕೈಗಾ ಅಣುಸ್ಥಾವರದ ಕಾಯಂ ನೌಕರರಿಗೂ ಅವರದೇ ಕ್ವಾರ್ಟರ್ಸ್ ಇವೆ. ಮಲ್ಲಾಪುರದ ಟೌನ್‌ಶಿಪ್ ಅದಕ್ಕೆಂದೇ ಇರುವುದು. ಹೊರಗೆ ಮನೆ ಹುಡುಕುವವರು ಗುತ್ತಿಗೆ ಕಂಪನಿಗಳ ಎಂಜಿನಿಯರುಗಳು, ಮೇಲ್ವಿಚಾರಕರು. ಕಾಮಗಾರಿ ನಡೆಯುವಷ್ಟು ದಿನ ಒಳ್ಳೆಯ ಬಾಡಿಗೆ ಕೊಡುತ್ತಾರೆ, ಮುಗಿದ ದಿನ ಒಂದೇ ಬಾರಿಗೆ ಹತ್ತಾರು ಮನೆ ಖಾಲಿಯಾಗುತ್ತವೆ. 20 ವರ್ಷದ ಕಂತನ್ನು ಎರಡು ವರ್ಷದ ಕಾಮಗಾರಿಯ ಬಾಡಿಗೆಗೆ ಗಂಟು ಹಾಕಬೇಡಿ. ಮೆಡಿಕಲ್ ಕಾಲೇಜು ಮತ್ತು ಜಿಲ್ಲಾಸ್ಪತ್ರೆಯ ನರ್ಸ್‌ಗಳು, ಕಿರಿಯ ವೈದ್ಯರು, ಜಿಲ್ಲಾ ಕಚೇರಿಗಳಿಗೆ ವರ್ಗವಾಗಿ ಬರುವ ನೌಕರರು, ಬ್ಯಾಂಕಿನವರು ಇವರ ಬಾಡಿಗೆ ಸ್ವಲ್ಪ ಕಡಿಮೆ, ಆದರೆ ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ. ಇವರಿಗೆ ಬೇಕಾದ್ದು ಆಸ್ಪತ್ರೆಗೋ ಕಚೇರಿಗೋ ನಡೆದು ಹೋಗುವಷ್ಟು ಹತ್ತಿರದ ಸಣ್ಣ ಮನೆ. ಕಾಳಿ ಸೇತುವೆಯ ಆಚೆ ಸದಾಶಿವಗಡದಲ್ಲಿ ಜಾಗ ಅಗ್ಗವಾದರೂ ರಾತ್ರಿಪಾಳಿಯ ನರ್ಸ್ ಅಲ್ಲಿಗೆ ಬರುವುದು ಕಷ್ಟ. ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದ ಮೇಲೆ ಆ ದಾಟುವಿಕೆಯನ್ನು ಜನ ಎರಡು ಸಲ ಯೋಚಿಸುವಂತಾಗಿತ್ತು.

ಶಿರಸಿಯ ಕಥೆ ಬೇರೆ. ಇಲ್ಲಿ ಬಾಡಿಗೆದಾರರಲ್ಲಿ ಒಂದು ದೊಡ್ಡ ಪಾಲು ಸುತ್ತಲಿನ ಹಳ್ಳಿಗಳಿಂದ ಮಕ್ಕಳ ಓದಿಗೆಂದು ಪೇಟೆಗೆ ಬರುವ ಕುಟುಂಬಗಳು. ತಾಯಿ ಮಕ್ಕಳು ಇಲ್ಲಿ, ಅಪ್ಪ ತೋಟದಲ್ಲಿ. ಮಗುವಿನ ಪಿಯುಸಿ ಮುಗಿಯುವ ತನಕ ಅಲುಗುವುದಿಲ್ಲ, ಮನೆಯನ್ನು ಸ್ವಂತದ್ದರಂತೆ ನೋಡಿಕೊಳ್ಳುತ್ತಾರೆ. ಶಾಲೆಗೆ ಹತ್ತಿರ, ನೀರಿಗೆ ತೊಂದರೆಯಿಲ್ಲ, ಬಟ್ಟೆ ಒಣಗಿಸಲು ಮಾಡಿನ ಕೆಳಗೆ ಜಾಗ ಎಂದರೆ ಸಾಕು. ಈ ಕೊನೆಯದನ್ನು ಕಡೆಗಣಿಸಬೇಡಿ, ಮಳೆಗಾಲದ ಮೂರು ತಿಂಗಳು ಒಣಗದ ಬಟ್ಟೆಯೇ ಮನೆ ಬಿಡಲು ಕಾರಣವಾಗುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಜಾತ್ರೆಯ ಒಂಬತ್ತು ದಿನ ಸಿಗುವ ದುಬಾರಿ ಬಾಡಿಗೆಯನ್ನು ಲೆಕ್ಕಕ್ಕೆ ಸೇರಿಸುವವರಿದ್ದಾರೆ; ಸೇರಿಸಬೇಡಿ.

ನಿಜವಾದ ಬಾಡಿಗೆ ತಿಳಿಯಲು ಮಾಲಕರನ್ನೂ ದಲ್ಲಾಳಿಯನ್ನೂ ಕೇಳಿ ಪ್ರಯೋಜನವಿಲ್ಲ. ಅದೇ ಕೇರಿಯ ಮೂರು ಬಾಡಿಗೆದಾರರನ್ನು ಕೇಳಿ. "ಬಾಡಿಗೆಗೆ ಇದೆ" ಎಂಬ ಬೋರ್ಡುಗಳನ್ನು ಮೇ ತಿಂಗಳಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ಎಣಿಸಿ. ಶಾಲೆ ಶುರುವಾಗಿ, ವರ್ಗಾವಣೆ ಮುಗಿದು ಎರಡು ತಿಂಗಳಾದರೂ ಇಳಿಯದ ಬೋರ್ಡು ಇದ್ದರೆ ಆ ಕೇರಿಯಲ್ಲಿ ಮನೆಗಳೇ ಹೆಚ್ಚಾಗಿವೆ ಎಂದರ್ಥ.

ಗೋಕರ್ಣ, ಮುರ್ಡೇಶ್ವರದ ಹೋಮ್‌ಸ್ಟೇ ಬಾಡಿಗೆ ಮನೆಯಲ್ಲ, ಅದೊಂದು ಉದ್ಯೋಗ. ನೋಂದಣಿ, ನೋಡಿಕೊಳ್ಳುವ ಜನ, ಮಳೆಗಾಲದ ಬರ ಎಲ್ಲ ಬೇರೆ. ಹೊಸಬರು ಅದರಿಂದ ಶುರು ಮಾಡುವುದು ಬೇಡ.

ಮೇ ತಿಂಗಳಲ್ಲಿ ಬಾವಿ, ಜುಲೈಯಲ್ಲಿ ಗೋಡೆ

ಮನೆ ತೋರಿಸುವವರು ಡಿಸೆಂಬರಿನಲ್ಲಿ ತೋರಿಸುತ್ತಾರೆ. ಹೊಸ ಬಣ್ಣ, ಒಣಗಿದ ಅಂಗಳ, ತುಂಬಿದ ಬಾವಿ. ಆಗ ಎಲ್ಲ ಮನೆಯೂ ಚಂದವೇ. ಮನೆಯ ಬಣ್ಣ ಬಯಲಾಗುವುದು ಎರಡೇ ಹೊತ್ತಿನಲ್ಲಿ.

ಮೇ ಕೊನೆಯ ವಾರ ಬಾವಿ ನೋಡಿ. ಎಷ್ಟು ಅಡಿ ನೀರಿದೆ, ಪಂಪು ಎಷ್ಟು ನಿಮಿಷ ಓಡಿದರೆ ಕೆಸರು ಬರುತ್ತದೆ, ಮತ್ತೆ ತುಂಬಲು ಎಷ್ಟು ಹೊತ್ತು ಎಂದು ನಿಂತು ನೋಡಬೇಕು. ಕರಾವಳಿಯಲ್ಲಿ, ಮುಖ್ಯವಾಗಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಅಳಿವೆಗೆ ಹತ್ತಿರದ ಊರುಗಳಲ್ಲಿ ಬೇಸಿಗೆಯ ನೀರು ಉಪ್ಪಾಗುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ, ಕೆಲವು ನೂರು ರೂಪಾಯಿಯ ಟಿಡಿಎಸ್ ಮೀಟರ್ ಸಾಕು. ಕುಡಿಯುವ ನೀರಿಗೆ 500ರೊಳಗೆ ಇರಬೇಕೆನ್ನುತ್ತದೆ ಭಾರತೀಯ ಮಾನಕ, ಬೇರೆ ಮೂಲವೇ ಇಲ್ಲದಿದ್ದರೆ 2,000ದ ತನಕ ಒಪ್ಪುತ್ತದೆ. ಅದನ್ನೂ ದಾಟಿದರೆ ಗೀಸರು, ನಲ್ಲಿ, ಪಂಪು ಎಲ್ಲ ಬೇಗ ಹಾಳಾಗುತ್ತವೆ, ಟ್ಯಾಂಕರಿನ ದುಡ್ಡು ಯಾರು ಕೊಡಬೇಕೆಂಬ ಜಗಳವೂ ಬರುತ್ತದೆ. ಬಾವಿಗೂ ಶೌಚದ ಗುಂಡಿಗೂ ನಡುವೆ 50 ಅಡಿಯಾದರೂ ಇರಲಿ. ನಮ್ಮ ಚಿರೆ ನೆಲ ತೂತುತೂತು, ನೀರು ಸುಲಭವಾಗಿ ಹರಿಯುತ್ತದೆ. ಪಕ್ಕದ ಮನೆಯ ಗುಂಡಿ ಪಾಗಾರದ ಆಚೆ ಎಲ್ಲಿದೆ ಎಂದೂ ಇಣುಕಿ.

ಜುಲೈಯಲ್ಲಿ, ಎರಡು ದಿನ ಬಿಡದೆ ಸುರಿದ ಮೇಲೆ, ಮತ್ತೆ ಹೋಗಿ. ಪಶ್ಚಿಮ, ನೈಋತ್ಯದ ಗೋಡೆಗೆ ಒಳಗಿನಿಂದ ಅಂಗೈ ಒತ್ತಿ ನೋಡಿ, ಗಾಳಿಮಳೆ ಹೊಡೆಯುವುದು ಆ ದಿಕ್ಕಿನಿಂದ. ಕಪಾಟು ಸರಿಸಿ ಹಿಂದೆ ನೋಡಿ. ನೆಲದಿಂದ ಎರಡು ಮೂರು ಅಡಿಯವರೆಗೆ ಬಣ್ಣ ಉಬ್ಬಿ ಬಿಳಿ ಪುಡಿ ಉದುರುತ್ತಿದ್ದರೆ ನೀರು ಮೇಲಿನಿಂದ ಬಂದದ್ದಲ್ಲ, ಬುನಾದಿಯಿಂದ ಏರಿದ್ದು. ಬಣ್ಣ ಹೊಡೆದರೆ ಒಂದು ವರ್ಷ ಮುಚ್ಚಿಕೊಳ್ಳುತ್ತದೆ, ಅಷ್ಟೇ. ತಾರಸಿಯ ಮೇಲೆ ಶೀಟಿನ ಮಾಡು ಹಾಕಿದ್ದರೆ ಒಳ್ಳೆಯದೇ, ಆದರೆ ಯಾಕೆ ಹಾಕಿದರು ಎಂದು ಕೇಳಿ: ಮಳೆಗೆ ಮುಂಚೆ ಹಾಕಿದ್ದೋ, ತಾರಸಿ ಸೋರಿದ ಮೇಲೆ ಹಾಕಿದ್ದೋ. ಹಂಚಿನ ಮನೆಯಾದರೆ ಪಕಾಸಿಗಳಿಗೆ (ಮಾಡಿನ ಮರದ ಪಟ್ಟಿಗಳಿಗೆ) ಒರಲೆ, ಅಂದರೆ ಗೆದ್ದಲು, ಹಿಡಿದಿದೆಯೇ ಎಂದು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು.

ಸಮುದ್ರಕ್ಕೆ ಹತ್ತಿರದ ಮನೆಯಲ್ಲಿ ಇನ್ನೊಂದು ಪರೀಕ್ಷೆ ತಪ್ಪಿಸಲೇಬಾರದು. ಐದು ರೂಪಾಯಿ ನಾಣ್ಯವನ್ನೋ ಸಣ್ಣ ಸುತ್ತಿಗೆಯನ್ನೋ ಹಿಡಿದು ಸಜ್ಜಾ, ಬಾಲ್ಕನಿ, ಸ್ಲ್ಯಾಬಿನ ತಳ ತಟ್ಟುತ್ತ ಹೋಗಿ. ಟಕ್ ಟಕ್ ಎಂದರೆ ಗಟ್ಟಿ. ಡಬ್ ಎಂದರೆ ಒಳಗೆ ಕಾಂಕ್ರೀಟು ಕಬ್ಬಿಣದಿಂದ ಬಿಟ್ಟಿದೆ. ಸ್ಲ್ಯಾಬಿನಡಿ ನೇರ ಗೆರೆಯಂತೆ ಕಂದು ಕಲೆ ಇದ್ದರೆ ಅದು ಸರಳಿನ ದಾರಿ. ಉಪ್ಪುಗಾಳಿಗೆ ತುಕ್ಕು ಹಿಡಿದ ಸರಳು ಹಲವು ಪಟ್ಟು ಉಬ್ಬಿ, ಕೆಳಗಿನ ಪದರವನ್ನು ಒಡೆದು ಬೀಳಿಸುತ್ತದೆ. ಕರಾವಳಿಯ ಕಟ್ಟಡಕ್ಕೆ ಎಂ30 ದರ್ಜೆಯ ಕಾಂಕ್ರೀಟು, ಸರಳಿನ ಮೇಲೆ 45 ಮಿ.ಮೀ. ಹೊದಿಕೆ ಬೇಕೆನ್ನುತ್ತದೆ ಮಾನಕ. ಹಳೆಯ ಮನೆಗಳಲ್ಲಿ ಅದರ ಅರ್ಧವೂ ಸಿಗದು. ಸಿಮೆಂಟು ಮೆತ್ತಿ ಬಣ್ಣ ಹೊಡೆದ ತೇಪೆಯೊಳಗೆ ತುಕ್ಕು ನಡೆದೇ ಇರುತ್ತದೆ. ಒಂದೆರಡು ಸಜ್ಜಾ ಹೀಗಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ಮುಖ್ಯ ಸ್ಲ್ಯಾಬು, ತೊಲೆ ಹೀಗಿದ್ದರೆ ಜಾಗದ ಬೆಲೆಯಷ್ಟೇ ಹೇಳಿ, ಇಲ್ಲವಾದರೆ ಎದ್ದು ಬನ್ನಿ.

ಹಿಂದೆ ಗುಡ್ಡ ಕಡಿದು ಸಮ ಮಾಡಿದ ಜಾಗವಾದರೆ ಕಡಿದ ಗೋಡೆ ನೆಟ್ಟಗೆ ನಿಂತಿದೆಯೇ, ನೀರು ಒಸರುತ್ತಿದೆಯೇ ನೋಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ನದಿದಂಡೆಯ ಮನೆಯಾದರೆ 2019 ಮತ್ತು 2021ರಲ್ಲಿ ನೀರು ಎಲ್ಲಿಗೆ ಬಂದಿತ್ತು ಎಂದು ಅಕ್ಕಪಕ್ಕದವರನ್ನು ಕೇಳಿ; ಕದ್ರಾ ಅಣೆಕಟ್ಟೆಯ ಕೆಳಗಿನವರು ಗೋಡೆಯ ಮೇಲಿನ ಗುರುತನ್ನೇ ತೋರಿಸುತ್ತಾರೆ. ಭಾರತ್ ಗೃಹ ರಕ್ಷಾ ಪಾಲಿಸಿ ಪ್ರವಾಹ, ಭೂಕುಸಿತಗಳನ್ನೂ ಒಳಗೊಳ್ಳುತ್ತದೆ.

ಕಾಗದಪತ್ರ

ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದದ್ದು, ಹಳೆಯ ಕಾಗದಗಳಲ್ಲಿ ಆ ಭಾಷೆಯೇ ಇರುತ್ತದೆ: ಉತಾರ (ಪಹಣಿ), ಬಿನ್‌ಶೇತ್ಕಿ (ಕೃಷಿಯೇತರ), ಬೋಜಾ (ಆಸ್ತಿಯ ಮೇಲಿನ ಸಾಲದ ಹೊರೆ), ಹಿಸ್ಸೆ (ಪಾಲು). ಬೆಂಗಳೂರಿನ ಕಡೆಯ ವಕೀಲರ ಪಟ್ಟಿ ಹಿಡಿದುಕೊಂಡು ಹೋದರೆ ಇಲ್ಲಿಯ ಅಪಾಯ ಕಾಣುವುದಿಲ್ಲ. ಸ್ಥಳೀಯ ವಕೀಲರಿಗೆ ಕೊಡುವ ಫೀಯಲ್ಲಿ ಉಳಿತಾಯ ಮಾಡಬೇಡಿ.

ಮೊದಲ ಪ್ರಶ್ನೆ: ಈ ಜಾಗ ಯಾರದ್ದು, ಸರ್ಕಾರದ್ದೋ ಖಾಸಗಿಯದ್ದೋ? ಉತ್ತರ ಕನ್ನಡದಲ್ಲಿ ಕಾಡೇ ಹೆಚ್ಚು, ಅತಿಕ್ರಮಣ ಜಾಗದಲ್ಲಿ ಕಟ್ಟಿದ ಮನೆಗಳು ಸಾವಿರಾರು ಇವೆ. ಕರೆಂಟು, ಮನೆ ನಂಬರು, ತೆರಿಗೆ ರಸೀದಿ ಎಲ್ಲ ಇರುತ್ತದೆ. ಅವು ಒಡೆತನದ ದಾಖಲೆಯಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಿಕ್ಕ ಜಾಗ ಮಾರುವಂತಿಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿ, ಭೂಕಂದಾಯ ಕಾಯ್ದೆಯ 94ಸಿ ಅಡಿ ಸಕ್ರಮವಾದ ಮನೆಯ ಹಕ್ಕುಪತ್ರದಲ್ಲಿ ಇಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಇರುತ್ತದೆ, ಅಕ್ಷರ ಬಿಡದೆ ಓದಿ. ಘಟ್ಟದ ಮೇಲೆ ತೋಟದ ಸೊಪ್ಪಿಗೆಂದು ಸರ್ಕಾರ ಬಿಟ್ಟ ಸೊಪ್ಪಿನ ಬೆಟ್ಟದಲ್ಲಿ ಮನೆ ಕಟ್ಟಿದ್ದರೆ ಅದರ ತಂಟೆಗೇ ಹೋಗಬೇಡಿ.

ನಗರಸಭೆಯ ವ್ಯಾಪ್ತಿಯಲ್ಲಿ ಇ-ಖಾತಾ, ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. 11ಬಿ ತೋರಿಸಿದರೆ ಬಿನ್‌ಶೇತ್ಕಿಯಲ್ಲೋ ನಕ್ಷೆಯಲ್ಲೋ ಕೊರತೆ ಇದೆ ಎಂದು ತಿಳಿಯಿರಿ, ಬ್ಯಾಂಕು ಹಿಂಜರಿಯುತ್ತದೆ. ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ, ಆದ್ದರಿಂದ "ಆಮೇಲೆ ಮಾಡಿಸಿಕೊಡ್ತೇನೆ" ಎಂಬ ಮಾತಿಗೆ ಮುಂಗಡ ಕೊಡಬೇಡಿ. ಸರ್ವೆ ನಂಬರಿನ ಒಂದು ತುಂಡಾದರೆ ಆ ತುಂಡಿನ ಸರ್ವೆ ನಕ್ಷೆಯಾದ 11ಇ ನಕ್ಷೆ ಕೇಳಿ.

ಋಣಭಾರ ಪತ್ರವನ್ನು 30 ವರ್ಷಕ್ಕೆ ತೆಗೆಸಿ. ಅಷ್ಟೇ ಸಾಲದು. ಸೊಸೈಟಿಯ ಬೆಳೆಸಾಲದ ಬೋಜಾ ಉತಾರದ 11ನೇ ಅಂಕಣದಲ್ಲಿ ಕೂತಿರುತ್ತದೆ. ಮೂಲಪತ್ರವನ್ನೇ ಸೊಸೈಟಿಯಲ್ಲಿ ಇಟ್ಟು ಸಾಲ ತೆಗೆದದ್ದು ಎಲ್ಲಿಯೂ ಕಾಣದಿರಬಹುದು. ಹಾಗಾಗಿ ಮೂಲಪತ್ರವನ್ನು ಕಣ್ಣಾರೆ ನೋಡಿ. ಜೆರಾಕ್ಸ್ ಮಾತ್ರ ಸಿಕ್ಕರೆ ಯಾಕೆ ಎಂದು ಕೇಳಿ.

ಪಿತ್ರಾರ್ಜಿತ ಮನೆಯಾದರೆ ವಂಶವೃಕ್ಷ ತೆಗೆಸಿ, ಒಬ್ಬೊಬ್ಬರ ಹೆಸರಿನ ಮುಂದೆ ಸಹಿ ಯಾರು ಹಾಕುತ್ತಾರೆಂದು ಬರೆದುಕೊಳ್ಳಿ. ಮುಂಬಯಿಯಲ್ಲಿರುವ ಅಣ್ಣ, ಗೋವಾದಲ್ಲಿರುವ ತಂಗಿ, ಗಲ್ಫಿನಲ್ಲಿರುವ ಮಗ ಎಲ್ಲರದೂ ಬೇಕು. "ತಂಗೀಗೆ ಮದುವೇಲೇ ಕೊಟ್ಟಾಯ್ತು" ಎಂಬುದು ಕಾನೂನಿನ ಮುಂದೆ ನಿಲ್ಲುವ ಮಾತಲ್ಲ, ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಮಾರುವವರು ಅನಿವಾಸಿಯಾಗಿದ್ದರೆ ಇನ್ನೊಂದು ತೊಡಕು. ಊರಲ್ಲೇ ಇರುವವರಿಂದ 50 ಲಕ್ಷ ಅಥವಾ ಮೇಲಿನ ಆಸ್ತಿ ಕೊಂಡರೆ ಶೇ. 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಕಟ್ಟಬೇಕು. ಅನಿವಾಸಿಯಾದರೆ 50 ಲಕ್ಷದ ಮಿತಿಯೂ ಇಲ್ಲ, ದರವೂ ಬಹಳ ಹೆಚ್ಚು, ಹಿಡಿಯದಿದ್ದರೆ ಹೊಣೆ ಕೊಂಡವರದ್ದು. ಕರಾರಿಗೆ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ.

ಕಡಲ ದಂಡೆಯಲ್ಲಿ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. 2019ರ ಅಧಿಸೂಚನೆಯಂತೆ ಗ್ರಾಮೀಣ ಕರಾವಳಿಯಲ್ಲಿ ಜನಸಾಂದ್ರತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚಿದ್ದರೆ ಉಬ್ಬರದ ಗೆರೆಯಿಂದ 50 ಮೀಟರ್, ಕಡಿಮೆಯಿದ್ದರೆ 200 ಮೀಟರ್ ಕಟ್ಟಡ ನಿಷೇಧ ವಲಯ. ಹಳೆಯ ಮನೆ ಇದ್ದರೂ ಮೇಲಂತಸ್ತಿಗೆ ಅನುಮತಿ ಸಿಗುತ್ತದೆಂದು ಭಾವಿಸಿ ಬೆಲೆ ಕಟ್ಟಬೇಡಿ.

ಸಾಲ

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದೊಳಗಿನ ಗೃಹಸಾಲಕ್ಕೆ ಆಸ್ತಿ ಬೆಲೆಯ ಶೇ. 90, 75 ಲಕ್ಷದವರೆಗೆ ಶೇ. 80, ಅದರ ಮೇಲೆ ಶೇ. 75 ಮಿತಿ. ಬ್ಯಾಂಕು ನೋಡುವ ಬೆಲೆ ಅದರ ಮೌಲ್ಯಮಾಪಕರು ಹೇಳಿದ್ದು ಅಥವಾ ಕರಾರಿನಲ್ಲಿ ಇದ್ದದ್ದು, ಯಾವುದು ಕಡಿಮೆಯೋ ಅದು. ಮುದ್ರಾಂಕ, ನೋಂದಣಿ ಅದರಲ್ಲಿ ಸೇರುವುದಿಲ್ಲ. ಮಾಲಕರು "ಕಾಗದದಲ್ಲಿ 30 ತೋರಿಸಿ, 15 ಕೈಯಲ್ಲಿ ಕೊಡಿ" ಎಂದರೆ ಬ್ಯಾಂಕಿನ ಸಾಲ 30ರ ಲೆಕ್ಕದಲ್ಲೇ ಬರುತ್ತದೆ, ಮುಂದೆ ನೀವು ಮಾರುವಾಗ ಲಾಭದ ತೆರಿಗೆಯೂ 30ರಿಂದಲೇ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಹೆಚ್ಚು ನಗದು ಪಡೆಯುವುದಕ್ಕೆ ಕಾನೂನೂ ಬಿಡುವುದಿಲ್ಲ.

ಬ್ಯಾಂಕಿನ ಬದಲುವ ಬಡ್ಡಿಯ ಗೃಹಸಾಲ ರಿಸರ್ವ್ ಬ್ಯಾಂಕಿನ ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಕಟ್ಟಿದ್ದು, ಕನಿಷ್ಠ ಮೂರು ತಿಂಗಳಿಗೊಮ್ಮೆ ಹೊಂದಿಕೊಳ್ಳುತ್ತದೆ. ಹೌಸಿಂಗ್ ಫೈನಾನ್ಸ್ ಕಂಪನಿ, ಸೌಹಾರ್ದ ಸಹಕಾರಿಗಳ ದರ ಅವರು ಹೇಳಿದ್ದು. ಸೌಹಾರ್ದದಲ್ಲಿ ಪರಿಚಯದ ಮೇಲೆ ಬೇಗ ಸಾಲ ಆಗುತ್ತದೆ, ಶೇ. 8.5ರ ಬದಲು 12 ಬಿದ್ದರೆ 20 ವರ್ಷಕ್ಕೆ ಲಕ್ಷಕ್ಕೆ 1,101 ರೂ. ಕಂತು. ಅದೇ 10,800 ಆಗ 9.8 ಲಕ್ಷವನ್ನಷ್ಟೇ ಹೊರುತ್ತದೆ.

ಅಡಿಕೆ ಬೆಳೆಗಾರರಿಗೆ ಎರಡು ಮಾತು. ಆದಾಯಕ್ಕೆ ಬ್ಯಾಂಕು ಕೇಳುವುದು ಉತಾರ, ಸೊಸೈಟಿಯಲ್ಲಿ ಅಡಿಕೆ ವಿಕ್ರಿಯಾದ ಮೂರು ವರ್ಷದ ಬಿಲ್ಲು, ದುಡ್ಡು ಜಮೆಯಾದ ಖಾತೆಯ ವಿವರ, ಇದ್ದರೆ ಆದಾಯ ತೆರಿಗೆಯ ರಿಟರ್ನ್. ಇವನ್ನು ಮೊದಲೇ ಜೋಡಿಸಿ. ದುಡ್ಡು ಬರುವುದು ಕೊಯ್ಲಿನ ನಂತರ, ಕಂತು ಹೋಗುವುದು ತಿಂಗಳು ತಿಂಗಳು. ಅದಕ್ಕೆ 20 ವರ್ಷದ ಉದ್ದ ಅವಧಿ, ಸಣ್ಣ ಕಂತು ಇಟ್ಟುಕೊಂಡು ಪ್ರತಿವರ್ಷ ವಿಕ್ರಿಯಾದಾಗ ಅಸಲಿಗೆ ಕಟ್ಟುವುದು ಮೇಲು. ವ್ಯಕ್ತಿಗಳ ಬದಲುವ ಬಡ್ಡಿಯ ಗೃಹಸಾಲಕ್ಕೆ ಅವಧಿಪೂರ್ವ ಪಾವತಿಯ ದಂಡವಿಲ್ಲ. 12 ಲಕ್ಷ ಸಾಲಕ್ಕೆ ಕಂತು 10,414; ವರ್ಷಕ್ಕೆ 50,000 ಹೆಚ್ಚಿಗೆ ಕಟ್ಟಿದರೆ ಸುಮಾರು ಹತ್ತೂವರೆ ವರ್ಷಕ್ಕೆ ತೀರುತ್ತದೆ. ಕಟ್ಟುವಾಗ "ಅವಧಿ ಇಳಿಸಿ, ಕಂತು ಅಲ್ಲ" ಎಂದು ಬರೆದು ಕೊಡಿ. ಇನ್ನು ಬಡ್ಡಿಯಿಲ್ಲದೆ ಸಿಗುವ ಬೆಳೆಸಾಲವನ್ನು ಮನೆಯ ಮುಂಗಡಕ್ಕೆ ತಿರುಗಿಸುವುದು ಊರಲ್ಲೆಲ್ಲ ಇದೆ. ಅದು ವರ್ಷದೊಳಗೆ ತೀರಿಸಬೇಕಾದ ಸಾಲ. ಕೊಳೆರೋಗ ಬಂದ ವರ್ಷ ಎರಡೂ ಕಡೆಯಿಂದ ಹಿಡಿಯುತ್ತದೆ.

"ಬಡ್ಡಿ ಎಲ್ಲ ಟ್ಯಾಕ್ಸಲ್ಲಿ ಕಳೆಯುತ್ತದೆ" ಎಂಬ ಮಾತು ಈಗ ಅರ್ಧ ಸತ್ಯ. ಬಾಡಿಗೆಯಲ್ಲಿ ಕಟ್ಟಿದ ಮನೆ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30 ಕಳೆದು, ಆಮೇಲೆ ಬಡ್ಡಿ ಕಳೆಯಬಹುದು. ನಮ್ಮ ಉದಾಹರಣೆಯಲ್ಲಿ 1,98,000ದಿಂದ 6,000, ಮತ್ತೆ 57,600 ಹೋಗಿ 1,34,400. 36 ಲಕ್ಷ ಸಾಲದ ಮೊದಲ ವರ್ಷದ ಬಡ್ಡಿಯೇ ಸುಮಾರು 3.03 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಈ ಎರಡರ ನಡುವಿನ 1.69 ಲಕ್ಷದಷ್ಟು ನಷ್ಟವನ್ನು ಸಂಬಳದ ಎದುರು ಕಳೆಯಲು ಬರುವುದಿಲ್ಲ. ಹಳೆಯದರಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಬರುತ್ತದೆ.

ಸಂಚಕಾರ ಪತ್ರದಲ್ಲಿ ಎರಡು ವಾಕ್ಯ ಇರಲೇಬೇಕು: ಬ್ಯಾಂಕಿನ ಕಾನೂನು ಪರಿಶೀಲನೆಯಲ್ಲಿ ಕಾಗದ ತಿರಸ್ಕೃತವಾದರೆ ಮುಂಗಡ 15 ದಿನದಲ್ಲಿ ವಾಪಸ್ಸು, ನೋಂದಣಿಯ ದಿನಕ್ಕೆ ಎಲ್ಲ ಬೋಜಾ ಇಳಿಸಿಕೊಡುವುದು ಮಾರುವವರ ಹೊಣೆ. ಮೊದಲನೆಯದಕ್ಕೆ ಮಾಲಕರು ಒಪ್ಪದಿದ್ದರೆ, ಕಾಗದದಲ್ಲಿ ಏನೋ ಇದೆ ಎಂದು ಅವರಿಗೆ ಗೊತ್ತಿದೆ.

ಬಾಡಿಗೆಗೆ ಬಿಡುವಾಗ

ಪ್ರತಿ ಮನೆಗೂ ಬೇರೆ ಹೆಸ್ಕಾಂ ಮೀಟರು, ಬೇರೆ ಆರ್‌ಆರ್ ನಂಬರು ಮಾಡಿಸಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದ್ದರಿಂದ ಬಂದವರು ಬಾಡಿಗೆಗಿಂತ ಮೊದಲು ಕೇಳುವುದು ಮೀಟರನ್ನೇ. ಸಬ್‌ಮೀಟರ್ ಇಟ್ಟು ಲೆಕ್ಕ ಮಾಡುವ ಮನೆ ಅದೇ ಕೇರಿಯಲ್ಲಿ ಕೊನೆಗೆ ಭರ್ತಿಯಾಗುತ್ತದೆ. ಮನೆ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ನಗರಸಭೆ ಶೇ. 5 ರಿಯಾಯಿತಿ ಕೊಡುತ್ತದೆ.

ಒಂದು ವರ್ಷ ಮೀರಿದ ಅವಧಿಯ ಕರಾರಿಗೆ ನೋಂದಣಿ ಬೇಕು, ಅದಕ್ಕೇ ಎಲ್ಲರೂ 11 ತಿಂಗಳು ಬರೆಯುವುದು. ಆ 11 ತಿಂಗಳನ್ನು ಜೂನ್ 1ರಿಂದ ಏಪ್ರಿಲ್ 30ರವರೆಗೆ ಬರೆಸಿ. ಬಿಡುವವರು ಪರೀಕ್ಷೆ ಮುಗಿಸಿ ಬಿಡುತ್ತಾರೆ, ಬರುವವರು ಶಾಲೆಗೆ ಮೊದಲು ಬರುತ್ತಾರೆ. ನಡುವಿನ ಮೇ ತಿಂಗಳಲ್ಲಿ ಶೀಟಿನ ಸ್ಕ್ರೂ ಬದಲಿಸಿ, ದೋಣಿಯ ಕಸ ತೆಗೆಸಿ, ಬಾವಿಯ ಕೆಸರು ಎತ್ತಿಸಬಹುದು. ಇದ್ದವರೇ ಮುಂದುವರಿದರೆ ಆ ಕೆಲಸಕ್ಕೆ ನಾಲ್ಕು ದಿನ ಒಳಗೆ ಬಿಡಬೇಕೆಂಬ ಸಾಲೊಂದನ್ನು ಕರಾರಿನಲ್ಲಿ ಸೇರಿಸಿ.